ಸತ್ತ ದನಕ್ಕೆ ಜಾಗ ಯಾರು ಕೊಡಬೇಕು?

ದನ ಬದುಕಿರುವಾಗ ಅದರ ಹಿಂದೆ ಸರ್ಕಾರವಿದೆ. ಕಾಲುಬಾಯಿ ರೋಗಕ್ಕೆ ಲಸಿಕೆ, ಹಾಲಿಗೆ ಪ್ರೋತ್ಸಾಹಧನ, 1962ಕ್ಕೆ ಕರೆ ಮಾಡಿದರೆ ಪಶು ಆಂಬುಲೆನ್ಸ್. ಸತ್ತ ಮೇಲೆ ಮಾತ್ರ ರೈತ ಒಂಟಿ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ ರೂಪಾಯಿ ಪರಿಹಾರ ಘೋಷಣೆಯಾಯಿತು. ಅದನ್ನು ಎಲ್ಲಿ ಹೂಳಬೇಕು ಎಂಬ ಪ್ರಶ್ನೆ ಮಾತ್ರ ರೈತನಿಗೇ ಉಳಿಯಿತು.

ಹಿಂದೆ ಹಳ್ಳಿಗಳಿಗೆ ಎರಡು ದಾರಿಗಳಿದ್ದವು. ಒಂದು, ರಣಹದ್ದು. ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಕೊಟ್ಟಿದ್ದ ದನಗಳ ಮಾಂಸ ತಿಂದು, ಮೂತ್ರಪಿಂಡ ಕೆಟ್ಟು ಅವು ಸತ್ತವು. 2006ರಲ್ಲಿ ಪಶುಚಿಕಿತ್ಸೆಗೆ ಆ ಔಷಧ ನಿಷೇಧವಾಗುವ ಹೊತ್ತಿಗೆ ಬಹುಪಾಲು ಹದ್ದುಗಳು ಕಣ್ಮರೆಯಾಗಿದ್ದವು. ಈಗ ಬಯಲಿಗೆ ಎಸೆದ ಕಳೇಬರ ಬೀದಿನಾಯಿಗಳ ಪಾಲು.

ಇನ್ನೊಂದು ದಾರಿ ಅನ್ಯಾಯದ್ದು. ಸತ್ತ ದನ ಹೊರುವ ಕೆಲಸವನ್ನು ದಲಿತರ ತಲೆಗೆ ಕಟ್ಟಲಾಗಿತ್ತು. ಅದನ್ನು ಬಿಡಿ ಎಂದು ಅಂಬೇಡ್ಕರ್ ಕರೆ ಕೊಟ್ಟರು. ಜನ ಬಿಟ್ಟಿದ್ದು ಸರಿಯೇ. ಆದರೆ ಆ ಜಾಗಕ್ಕೆ ಯಂತ್ರವನ್ನಾಗಲಿ, ವ್ಯವಸ್ಥೆಯನ್ನಾಗಲಿ ಯಾರೂ ತರಲಿಲ್ಲ.

ಹೊಲವಿರುವವರು ಜೆಸಿಬಿ ಕರೆಸಿ ಆಳವಾಗಿ ಹೂಳುತ್ತಾರೆ. ನಮ್ಮಂತೆ ಅರ್ಧ ಎಕರೆ, ಅದರಲ್ಲೇ ಬೋರ್‌ವೆಲ್ ಇರುವವರು ಎಲ್ಲಿ ಅಗೆಯಬೇಕು? ಕೊನೆಗೆ ಕಳೇಬರ ಕೆರೆ ಅಂಗಳಕ್ಕೋ ಹಳ್ಳಕ್ಕೋ ಹೋಗುತ್ತದೆ. ಕೊಳೆತ ರಸ ಊರಿನ ನೀರು ಸೇರುತ್ತದೆ. ದನ ನೆರಡಿ ರೋಗದಿಂದ, ಅಂದರೆ ಆಂಥ್ರಾಕ್ಸ್‌ನಿಂದ ಸತ್ತಿದ್ದರೆ ಅಪಾಯ ಇನ್ನೂ ದೊಡ್ಡದು. ಅಂಥ ಕಳೇಬರವನ್ನು ಕೊಯ್ಯಲೇಬಾರದು. ಗಾಳಿ ತಾಗಿದರೆ ಹುಟ್ಟುವ ರೋಗಬೀಜಗಳು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತವೆ. ಮುಂದೆ ಅಲ್ಲಿ ಮೇಯುವ ದನಕ್ಕೂ ತಗಲುತ್ತವೆ.

ಪ್ರತಿ ಗ್ರಾಮ ಪಂಚಾಯಿತಿ ಕೆರೆ, ಬಾವಿಗಳಿಂದ ದೂರ ಕೆಲವು ಗುಂಟೆ ಗುರುತಿಸಿ ಬೇಲಿ ಹಾಕಬೇಕು. ಜೆಸಿಬಿ ಬಾಡಿಗೆ ಪಂಚಾಯಿತಿಯೇ ಭರಿಸಬೇಕು. ಸಾಂಕ್ರಾಮಿಕ ರೋಗವಿಲ್ಲದೆ ಸತ್ತ ದನವನ್ನು ಮರದ ಹೊಟ್ಟಿನಲ್ಲಿ ದಪ್ಪಗೆ ಮುಚ್ಚಿದರೆ, ರಾಶಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕಾದು, ತಿಂಗಳುಗಳಲ್ಲಿ ಗೊಬ್ಬರವಾಗುತ್ತದೆ. ಹಣವಿಲ್ಲ ಎನ್ನಬಹುದು. ಕೆಟ್ಟ ನೀರಿಗೆ, ನಾಯಿ ಕಡಿತಕ್ಕೆ ಊರು ಈಗಾಗಲೇ ಹಣ ತೆರುತ್ತಿದೆ, ಲೆಕ್ಕದಲ್ಲಿ ಕಾಣುವುದಿಲ್ಲ ಅಷ್ಟೆ.

ಸ್ಮಾರ್ಟ್ ಸಿಟಿ ಪ್ರಾಜೆಕ್ಟ್ ಮಾಡುವ ನಾವು, ಬಿ.ಇ. ವಿದ್ಯಾರ್ಥಿಗಳು, ಕೈಯಿಂದ ಮುಟ್ಟದೆ ಕಳೇಬರ ಎತ್ತುವ ಅಗ್ಗದ ಟ್ರಾಲಿಯೊಂದನ್ನು ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿಕೊಂಡರೆ ತಪ್ಪೇನು? ಊರಿಗೆ ಬೇಕಿರುವುದು ಅದೇ.