ಸೀತಾಳೆಗೆ ಕುಂಡ ಬೇಡ, ಮರ ಬೇಕು

ಆರ್ಕಿಡ್ ಅಂದರೆ ಪೇಟೆಯ ಹೂ, ದುಡ್ಡಿದ್ದವರ ಹೂ ಎಂಬ ಭಾವನೆ ನಮ್ಮಲ್ಲುಂಟು. ಮದುವೆ ಮಂಟಪದ ನೇರಳೆ ಹೂ ಕಂಡು 'ಥಾಯ್ಲೆಂಡಿನದ್ದಂತೆ' ಎಂದು ಬಾಯಿ ಬಿಡುತ್ತೇವೆ. ಅದೇ ಹೊತ್ತಿಗೆ ನಮ್ಮ ಜಾಲಿನ ಬದಿಯ ಹಲಸಿನ ಮರದಲ್ಲಿ ಸೀತಾಳೆ ದಂಡೆ ಗೇಣುದ್ದದ ಗೊಂಚಲು ಇಳಿಬಿಟ್ಟಿರುತ್ತದೆ. ತಲೆಯೆತ್ತಿ ನೋಡುವವರಿಲ್ಲ.

ಅದೂ ಆರ್ಕಿಡ್ಡೇ. ಅಸ್ಸಾಮಿನವರು ಇದನ್ನೇ 'ಕೊಪೌ ಫೂಲ್' ಎಂದು ಬಿಹು ಹಬ್ಬಕ್ಕೆ ಮುಡಿಯುತ್ತಾರೆ. ತಮ್ಮ ರಾಜ್ಯದ ಹೂ ಮಾಡಿಕೊಂಡಿದ್ದಾರೆ. ನಾವು? ಮರ ಕಡಿದ ದಿನ ಗೆಲ್ಲಿನ ಜತೆಗೆ ಒಲೆಗೆ ಹಾಕುತ್ತೇವೆ.

ಕೃಷಿಕರಿಗೆ ಈ ಕುಟುಂಬ ಹೊಸತೂ ಅಲ್ಲ. ವೆನಿಲ್ಲಾ ಆರ್ಕಿಡ್ ಬಳ್ಳಿಯೇ. 2003ರ ಸುಮಾರಿಗೆ ಧಾರಣೆ ಆಕಾಶಕ್ಕೇರಿದಾಗ ಬೆಳಗೆದ್ದು ಕಡ್ಡಿ ಹಿಡಿದು ಹೂ ಹೂವಿಗೂ ಪರಾಗ ಮುಟ್ಟಿಸಿದವರು ನಾವು. ಧಾರಣೆ ಬಿತ್ತು, ಬಳ್ಳಿ ಮರೆತೆವು. ಈಗ ನಾನು ಹೇಳಹೊರಟದ್ದು ಧಾರಣೆಯ ಮಾತಲ್ಲ. ಖರ್ಚಿಲ್ಲದೆ ಮನೆಯೆದುರು ಆರ್ಕಿಡ್ ಅರಳಿಸಲು ಕೃಷಿಕನಿಗಿರುವ ಅನುಕೂಲ ಪೇಟೆಯವರಿಗಿಲ್ಲ. ಆ ಅನುಕೂಲವನ್ನು ನಾವೇ ಕಡಿದು ಹಾಕುತ್ತಿದ್ದೇವೆ ಎಂಬುದು ನನ್ನ ತಕರಾರು.

ಬಂದಣಿಕೆ ಅಲ್ಲ ಮಾರಾಯ್ರೆ!

ಮೊದಲಿಗೆ ಒಂದು ಅಪವಾದ ಕಳೆಯಬೇಕು. 'ಮರದ ಸಾರ ಹೀರುತ್ತದೆ' ಎಂದು ಮಾವಿನ ಮರದಿಂದ ಸೀತಾಳೆಯನ್ನು ಕೆರೆಸಿ ತೆಗೆಯುವವರಿದ್ದಾರೆ. ಬಂದಣಿಕೆ ಹೀರುವುದು ಹೌದು. ಅದರ ಬೇರು ತೊಗಟೆ ಸೀಳಿ ಒಳಗಿಳಿಯುತ್ತದೆ. ಸೀತಾಳೆಯದ್ದು ಹಾಗಲ್ಲ. ಅದರ ಬೇರು ತೊಗಟೆಯ ಮೇಲೆ ಅಂಟಿಕೊಂಡು ಕೂರುತ್ತದೆ ಅಷ್ಟೆ. ಮಳೆನೀರು, ಮಂಜು, ತೊಗಟೆಯ ಸಂದಿಯಲ್ಲಿ ಕೊಳೆತ ಎಲೆಯ ಪುಡಿ, ಇದಿಷ್ಟೇ ಅದರ ಊಟ. ಮರ ಅದಕ್ಕೆ ಬಾಡಿಗೆ ಇಲ್ಲದ ಮನೆ, ಅನ್ನದ ಬಟ್ಟಲು ಅಲ್ಲ.

ಅನುಮಾನ ಇದ್ದರೆ ಬೇರು ನೋಡಿ. ಬೆರಳು ದಪ್ಪಕ್ಕೆ ಹತ್ತಿರ, ಬೂದಿ ಬಿಳಿ ಬಣ್ಣ. ನೀರು ಬಿದ್ದ ಕೂಡಲೇ ಹಸಿರಾಗುತ್ತದೆ. ಹೊರಗಿನ ಆ ಬಿಳಿ ಪದರ ಸ್ಪಂಜಿನಂತೆ. ಮಳೆ ಬಂದಾಗ ಹೀರಿ ಹಿಡಿಯುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ನೆನೆಯಬೇಕು, ಒಣಗಬೇಕು. ಆರ್ಕಿಡ್ ಸಾಕುವ ವಿದ್ಯೆಯ ಮುಕ್ಕಾಲು ಪಾಲು ಈ ಎರಡು ಶಬ್ದದಲ್ಲಿ ಮುಗಿಯಿತು.

ಮನೆಯಲ್ಲಿ ಆರ್ಕಿಡ್ ಸಾಯುವುದು ಹೆಚ್ಚಾಗಿ ಪ್ರೀತಿಯಿಂದ. ಕುಂಡಕ್ಕೆ ಮಣ್ಣು ತುಂಬಿ, ಹಟ್ಟಿಗೊಬ್ಬರ ಬೆರೆಸಿ, ದಿನಾ ಎರಡು ಚೊಂಬು ನೀರು ಹೊಯ್ದರೆ ಆ ಬೇರಿಗೆ ಉಸಿರೇ ಇಲ್ಲ. ಕೊಳೆಯದೆ ಇನ್ನೇನು ಮಾಡೀತು?

ಕಟ್ಟುವ ಕ್ರಮ

ಗಾಳಿಮಳೆಗೆ ಮುರಿದುಬಿದ್ದ ಗೆಲ್ಲು, ನಮ್ಮದೇ ಜಾಗದಲ್ಲಿ ಕಡಿದ ಮರ, ಇವುಗಳಲ್ಲಿದ್ದ ಸೀತಾಳೆಯನ್ನು ಬೇರು ತುಂಡಾಗದಂತೆ ಬಿಡಿಸಿ. ಆಗದಿದ್ದರೆ ತೊಗಟೆ ಸಮೇತ ಕೆತ್ತಿ ತೆಗೆಯಿರಿ. ಮುಂಗಾರಿನ ಆರಂಭ ಒಳ್ಳೆಯ ಹೊತ್ತು. ಬೇರಿಗೆ ಹೊಸ ಹಸಿರು ತುದಿ ಬರುವ ಕಾಲ.

ಮರ ಯಾವುದು? ಒರಟು ತೊಗಟೆಯ ಮಾವು, ಹಲಸು ಉತ್ತಮ. ತೆಂಗೂ ಆದೀತು. ಪೇರಳೆ, ನಂದಿ ಬೇಡ. ಅವು ಸಿಪ್ಪೆ ಸುಲಿದುಕೊಳ್ಳುವ ಜಾತಿ, ಸಿಪ್ಪೆಯ ಜತೆ ಗಿಡವೂ ಜಾರಿ ಬೀಳುತ್ತದೆ. ಅಡಿಕೆ ಮರಕ್ಕೆ ಕಟ್ಟುವವರನ್ನು ಕಂಡಿದ್ದೇನೆ. ನನಗೆ ಒಪ್ಪಿಗೆ ಇಲ್ಲ. ಒಂದು, ನೆರಳು ಜಾಸ್ತಿ. ಎರಡು, ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ. ಅದರ ಮೈಲುತುತ್ತು ಆರ್ಕಿಡ್ಡುಗಳಿಗೆ, ಮುಖ್ಯವಾಗಿ ಡೆಂಡ್ರೋಬಿಯಂ ಜಾತಿಗೆ, ಆಗಿಬರುವುದಿಲ್ಲ.

ಆಳೆತ್ತರದಲ್ಲಿ, ಬೆಳಗ್ಗಿನ ಬಿಸಿಲು ತಾಗುವ ಪೂರ್ವದ ಮಗ್ಗುಲಲ್ಲಿ ಇಟ್ಟು ಬಾಳೆನಾರಿನಿಂದಲೋ ಸೆಣಬಿನ ಹುರಿಯಿಂದಲೋ ಅಲುಗಾಡದಂತೆ ಬಿಗಿಯಿರಿ. ಪ್ಲಾಸ್ಟಿಕ್ ಬೇಡ. ನಾರು ಕುಂಬಾಗುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಸೀತಾಳೆಯ ಸುಳಿ ತುಸು ಓರೆಯಾಗಿರಲಿ. ನೆಟ್ಟಗಿದ್ದರೆ ನೀರು ನಿಂತು ಸುಳಿ ಕೊಳೆಯುತ್ತದೆ. ಬಸವನಹುಳಕ್ಕೆ ಎಳೆ ಬೇರಿನ ತುದಿ ಅಂದರೆ ಹೋಳಿಗೆ. ಮಳೆಗಾಲದಲ್ಲಿ ರಾತ್ರಿ ಒಮ್ಮೆ ಟಾರ್ಚು ಹಿಡಿದು ನೋಡಿ.

ಮಳೆಗಾಲದಲ್ಲಿ ಮತ್ತೆ ಎಂತದೂ ಬೇಡ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಬೆಳಗ್ಗೆ ಬೇರು ಹಸಿರಾಗುವಷ್ಟು ನೀರು ಚಿಮುಕಿಸಿದರೆ ಸಾಕು. ಗೊಬ್ಬರ ಕೊಡಲೇಬೇಕೆಂದಿದ್ದರೆ ತೀರಾ ತೆಳು ಮಾಡಿ, ಬೆಳವಣಿಗೆಯ ಕಾಲದಲ್ಲಿ ಮಾತ್ರ. ಆ ವರ್ಷವೇ ಹೂ ಕೇಳಬೇಡಿ. ಗಿಡ ಮೊದಲು ಮನೆ ಮಾಡಿಕೊಳ್ಳಬೇಕು.

ಹೂ ಯಾಕೆ ಇಲ್ಲ?

'ಎಲೆ ಭಾರೀ ಚಂದ ಉಂಟು, ಹೂವೇ ಇಲ್ಲ' ಎಂಬುದು ಸಾಮಾನ್ಯ ದೂರು. ಉತ್ತರ ಆ ಎಲೆಯಲ್ಲೇ ಇದೆ. ಕಡುಹಸಿರು ಅಂದರೆ ಬೆಳಕು ಸಾಲದು. ಹೂ ಕೊಡುವ ಗಿಡದ ಎಲೆ ಕೊಂಚ ಹಳದಿ ಮಿಶ್ರಿತ ಹಸಿರು. ಕೆಂಪಗಾದರೆ ಬಿಸಿಲು ಹೆಚ್ಚಾಯಿತು ಎಂದು ಲೆಕ್ಕ.

ನರ್ಸರಿಯ ಡೆಂಡ್ರೋಬಿಯಂ ತಂದವರು ಎಲೆ ಉದುರಿದ ಹಳೆ ಕಾಂಡವನ್ನು ಒಣಗಿತೆಂದು ಕತ್ತರಿಸುತ್ತಾರೆ. ಅದು ಗಿಡದ ಕಣಜ. ಹಸಿರಿರುವಷ್ಟು ದಿನ ಇರಲಿ, ಅದರಲ್ಲೂ ಹೂ ಬಂದೀತು. ಮರ ಇಲ್ಲದವರು ತೂತು ಇರುವ ಮಣ್ಣಿನ ಕುಂಡಕ್ಕೆ ಇದ್ದಿಲು, ಇಟ್ಟಿಗೆ ಚೂರು ತುಂಬಿ ನೆಡಬಹುದು. ತೆಂಗಿನ ಸಿಪ್ಪೆಯಾದರೆ ಮೊದಲು ನೆನೆಹಾಕಿ ಒಗರು ಕಳೆಯಿರಿ. ಕೊಳೆತು ಮೆತ್ತಗಾದ ಕೂಡಲೇ ಬದಲಿಸಿ.

ಚಿಟ್ಟೆಯಂಥ ದೊಡ್ಡ ಹೂವಿನ ಫೆಲನಾಪ್ಸಿಸ್ ಕತೆಯೇ ಬೇರೆ. ಹೂದಂಟು ಹೊರಡಲು ಅದಕ್ಕೆ ಕೆಲವು ವಾರ 25 ಡಿಗ್ರಿಗಿಂತ ಕೆಳಗಿನ ತಂಪು ಬೇಕು. ಘಟ್ಟದ ಮೇಲಿನವರಿಗೆ ಡಿಸೆಂಬರದಲ್ಲಿ ಅದು ಪುಕ್ಕಟೆ. ಕರಾವಳಿಯ ಸೆಕೆಯಲ್ಲಿ ಎಲೆ ಬೆಳೆದೀತು, ಹೂ ಕಷ್ಟ. ಅಂಗಡಿಯಲ್ಲಿ ಹೂ ತುಂಬಿ ನಿಂತದ್ದು ತಂಪು ಮನೆಯ ಮಹಿಮೆ. ದುಡ್ಡು ಕೊಡುವ ಮೊದಲು ಇದು ಗೊತ್ತಿರಲಿ.

ಕಾಡಿನದ್ದು ಕಾಡಿನಲ್ಲೇ

ಇಷ್ಟು ಓದಿ ಕತ್ತಿ ಹಿಡಿದು ಕಾಡಿಗೆ ಹೊರಡಬೇಡಿ. ಸೀತಾಳೆಯನ್ನು ಕಟ್ಟು ಕಟ್ಟಿ ಸಂತೆಯಲ್ಲಿ ಮಾರುವುದನ್ನು ಕಂಡಿದ್ದೇನೆ. ಹತ್ತರಲ್ಲಿ ಎಷ್ಟು ಬದುಕೀತು? ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಒಂದೊಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಯಲ್ಲಿ ಲಕ್ಷಗಟ್ಟಲೆ. ಆದರೆ ಮೊಳೆಯಲು ಬೇಕಾದ ಬುತ್ತಿ ಬೀಜದೊಳಗಿಲ್ಲ. ಸರಿಯಾದ ಶಿಲೀಂಧ್ರ ಸಿಕ್ಕಿದ ಬೀಜ ಮಾತ್ರ ಗಿಡವಾಗುತ್ತದೆ. ಅದು ಹೂ ಬಿಡಲು ಮತ್ತೆ ವರ್ಷಗಳು ಬೇಕು. ಒಂದು ಕ್ಷಣದಲ್ಲಿ ಕಿತ್ತದ್ದನ್ನು ಕಾಡು ಬೇಗ ತುಂಬಿಕೊಡಲಾರದು.

1922ರಲ್ಲಿ ಅಮೆರಿಕದ ನುಡ್ಸನ್ ಎಂಬ ವಿಜ್ಞಾನಿ ಶಿಲೀಂಧ್ರ ಇಲ್ಲದೆಯೂ ಸಕ್ಕರೆ ಬೆರೆಸಿದ ಅಗಾರ್ ಮೇಲೆ ಈ ಬೀಜ ಮೊಳೆಸಬಹುದೆಂದು ತೋರಿಸಿದರು. ಈಗ ಬಾಟ್ಲಿಯಲ್ಲಿ ಬೆಳೆಸಿದ ಗಿಡಗಳು ಧಾರಾಳ ಸಿಗುತ್ತವೆ. ಕೊಳ್ಳುವ ಆಸೆ ಇದ್ದರೆ ಅದನ್ನೇ ಕೊಳ್ಳಿ. ಅರಣ್ಯ ಇಲಾಖೆಯ ಜಾಗದಿಂದ ಅನುಮತಿ ಇಲ್ಲದೆ ಗಿಡ ಕೀಳುವುದು ಅಪರಾಧ. ಕಾನೂನು ಬಿಡಿ, ನ್ಯಾಯವೂ ಅಲ್ಲ.

ಕೊನೆಗೆ ಮರದ ಮಾತು. ಅಡಿಕೆ ಧಾರಣೆ ಏರಿದಾಗೆಲ್ಲ ಬರೆಯ ಬದಿಯ ಹಳೆ ಮಾವು, ಹಲಸಿನ ಮೇಲೆ ನಮ್ಮ ಕಣ್ಣು. ನೆರಳು ಜಾಸ್ತಿ, ಫಲ ಕೈಗೆ ಸಿಗುವುದಿಲ್ಲ, ಕಡಿದರೆ ನಾಲ್ಕು ಕಾಸು. ಈ ಲೆಕ್ಕ ತಪ್ಪೆನ್ನಲಾರೆ. ಆದರೆ ಲೆಕ್ಕ ಪೂರ್ತಿ ಆಗಿಲ್ಲ ಎನ್ನುತ್ತೇನೆ. ಸೀತಾಳೆ ಹಿಡಿದು ಕೂರುವ ಒರಟು ತೊಗಟೆ ಆಗಬೇಕಾದರೆ ಮರಕ್ಕೆ ಒಂದು ತಲೆಮಾರು ಬೇಕು. ಅಡಿಕೆ ಗಿಡ ನಾಳೆ ನೆಡಬಹುದು, ಅಜ್ಜ ನೆಟ್ಟ ಹಲಸನ್ನು ನಾಳೆ ನೆಡಲು ಬರುವುದಿಲ್ಲ.

ಈ ಮಳೆಗಾಲಕ್ಕೆ ಒಂದು ಕೆಲಸ ಮಾಡಿ. ತೋಟದ ಸುತ್ತ ಬಿದ್ದ ಗೆಲ್ಲುಗಳನ್ನು ಕಟ್ಟಿಗೆ ಕೊಟ್ಟಿಗೆಗೆ ಸೇರಿಸುವ ಮೊದಲು ಮಗುಚಿ ನೋಡಿ. ಹಸಿರು ಕಂಡರೆ ಮನೆಯೆದುರಿನ ಮರಕ್ಕೆ ಕಟ್ಟಿ. ಆಮೇಲೆ ಆ ಮರಕ್ಕೆ ಕೊಡಲಿ ಹಾಕಲು ನಿಮಗೇ ಮನಸ್ಸು ಬಾರದು.