ಕಾಯಿಸುವುದು ದುರಸ್ತಿಯಲ್ಲ

ಜಾಲದ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್‌ನಲ್ಲಿ ಎರಡು ಯಂತ್ರಗಳು ಒಂದೇ ಲಾಕ್ ಫೈಲನ್ನು ತಮ್ಮದೆಂದುಕೊಳ್ಳುವ ದೋಷಕ್ಕೆ ಅರೆಕ್ಷಣ ಕಾಯಿಸಿದರೆ ಸಾಕೆಂಬ ವಾದವನ್ನು ಒಪ್ಪಲಾರೆ. ಕಾಯಿಸಿದರೆ ದೋಷ ಅಪರೂಪವಾಗುತ್ತದೆ, ಅಷ್ಟೇ. ಅಪರೂಪಕ್ಕೊಮ್ಮೆ ಡೇಟಾ ಕೆಡಿಸುವ ದೋಷವನ್ನು ಹಿಡಿಯುವುದು ಇನ್ನೂ ಕಷ್ಟ. ದೋಷದ ಮೂಲ ಬೇರೆ: ಎನ್‌ಎಫ್‌ಎಸ್‌ನ ಎರಡನೇ ಆವೃತ್ತಿಯಲ್ಲಿ ಫೈಲ್ ಇದೆಯೇ ಎಂದು ನೋಡುವುದೂ ಅದನ್ನು ಸೃಷ್ಟಿಸುವುದೂ ಬೇರೆಬೇರೆ ಕೋರಿಕೆಗಳು. ಆ ಸಂದಿಯಲ್ಲೇ ಇನ್ನೊಂದು ಯಂತ್ರ ನುಸುಳುತ್ತದೆ. 1995ರಲ್ಲಿ ಪ್ರಕಟವಾದ ಮೂರನೇ ಆವೃತ್ತಿ ತೀರ್ಮಾನವನ್ನು ಸರ್ವರ್‌ಗೇ ಒಪ್ಪಿಸಿತು: ಕ್ಲೈಂಟ್ ಕಳಿಸಿದ ಗುರುತನ್ನು ಸರ್ವರ್ ಫೈಲಿನೊಂದಿಗೆ ಉಳಿಸಿಕೊಳ್ಳುತ್ತದೆ; ಉತ್ತರ ಕಳೆದುಹೋಗಿ ಅದೇ ಕೋರಿಕೆ ಮತ್ತೆ ಬಂದರೂ ಯಾರದೆಂದು ತಿಳಿಯುತ್ತದೆ. ಹಳೆಯ ಸರ್ವರ್‌ಗಳ ಗತಿಯೇನು ಎನ್ನುವವರಿಗೂ ದಾರಿಯಿದೆ: ಬೇರಾರೂ ಬಳಸದ ಹೆಸರಿನಲ್ಲಿ ಫೈಲ್ ಮಾಡಿ, ಲಾಕ್ ಹೆಸರಿಗೆ ಹಾರ್ಡ್ ಲಿಂಕ್ ಹಾಕಿ, ಆ ಫೈಲಿನ ಲಿಂಕ್ ಎಣಿಕೆ 2 ಆಯಿತೇ ಎಂದು ನೋಡಬೇಕು. ಲಿಂಕ್ ಕೋರಿಕೆಗೆ ಬಂದ ಉತ್ತರವೊಂದನ್ನೇ ನಂಬುವಂತಿಲ್ಲ; ಮೊದಲ ಉತ್ತರ ಕಳೆದುಹೋಗಿದ್ದರೆ, ಗೆದ್ದವನಿಗೂ ಸೋತೆಯೆಂಬ ಸುದ್ದಿಯೇ ಬರಬಹುದು.