ಭ್ರೂಣರಚನೆಯ ಛಂದಸ್ಸು

ಗಣಿತಕ್ಕೆ ಅಂಜಿ ಜೀವಶಾಸ್ತ್ರವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳನ್ನು ನಾವೆಲ್ಲರೂ ಬಲ್ಲೆವು. ಜೀವಶಾಸ್ತ್ರಕ್ಕೆ ಲೆಕ್ಕದ ಗೊಡವೆಯಿಲ್ಲವೆಂಬ ಈ ಭಾವನೆ ನಿರಾಧಾರವೆಂದೇ ನನ್ನ ಅಭಿಪ್ರಾಯ. ನಾನು ವ್ಯಾಕರಣ ಛಂದಸ್ಸುಗಳ ಪಾಠ ಹೇಳುವವನೇ ಹೊರತು ವಿಜ್ಞಾನಿಯಲ್ಲ. ಆದರೂ ನಿಯಮವು ರೂಪವನ್ನು ಕಾಯುವ ಬಗೆ ನನ್ನ ಶಾಸ್ತ್ರದ ಪ್ರಶ್ನೆಯೂ ಆಗಿರುವುದರಿಂದ ಎರಡು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಒಂದೇ ಕೋಶದಿಂದ ಹುಟ್ಟಿದ ಸಾವಿರಾರು ಕೋಶಗಳಲ್ಲಿ ಯಾವುದು ತಲೆಯ ಭಾಗವಾಗಬೇಕು, ಯಾವುದು ಬಾಲದ ಭಾಗವಾಗಬೇಕೆಂದು ತಿಳಿಸುವವರಾರು? ರಾಸಾಯನಿಕಗಳು ಹರಡುತ್ತ, ಪರಸ್ಪರ ವರ್ತಿಸುತ್ತ ತಾವೇ ಚಿತ್ತಾರ ಮೂಡಿಸಬಲ್ಲವೆಂದು 1952ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗರು ಸಮೀಕರಣಗಳಿಂದ ತೋರಿಸಿದರು. ರಾಸಾಯನಿಕದ ಸಾಂದ್ರತೆಯಿಂದ ಕೋಶವು ತನ್ನ ಸ್ಥಾನವನ್ನರಿಯುತ್ತದೆಂದು 1969ರಲ್ಲಿ ಲೂಯಿಸ್ ವೋಲ್ಪರ್ಟರು ಫ್ರಾನ್ಸಿನ ತ್ರಿವರ್ಣಧ್ವಜದ ದೃಷ್ಟಾಂತದಿಂದ ವಿವರಿಸಿದರು. 1988ರಲ್ಲಿ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಡ್ ಅವರು ಹಣ್ಣಿನ ನೊಣದ ಭ್ರೂಣದಲ್ಲಿ ಬೈಕಾಯ್ಡ್ ಎಂಬ ಪ್ರೋಟೀನು ತಲೆಯ ಕಡೆ ದಟ್ಟವಾಗಿದ್ದು ಬಾಲದ ಕಡೆಗೆ ವಿರಳವಾಗುತ್ತ ಹೋಗುವುದನ್ನು ಪ್ರಯೋಗದಿಂದ ಸಿದ್ಧಪಡಿಸಿದರು.

ಇಲ್ಲಿಂದ ಮುಂದೆ ಲೆಕ್ಕವಿಲ್ಲದೆ ದಾರಿಯಿಲ್ಲ. ಆ ಭ್ರೂಣದ ಉದ್ದ ಸುಮಾರು 0.5 ಮಿ.ಮೀ. ಪ್ರತಿ 0.1 ಮಿ.ಮೀ.ಗೆ ಬೈಕಾಯ್ಡ್ ಸಾಂದ್ರತೆ ಮೂರನೆಯ ಒಂದಂಶಕ್ಕಿಂತ ತುಸು ಹೆಚ್ಚಿನಷ್ಟಕ್ಕೆ ಇಳಿಯುತ್ತದೆ. ಹಾಗಾದರೆ ಮೂಲದ ಉತ್ಪತ್ತಿ ಇಮ್ಮಡಿಯಾದಾಗ ಅಂಗಗಳ ಗಡಿ ಸುಮಾರು 0.07 ಮಿ.ಮೀ., ಎಂದರೆ ದೇಹದ ಏಳನೆಯ ಒಂದು ಭಾಗ ಸರಿಯಬೇಕು. ಪ್ರಯೋಗದಲ್ಲಿ ಅದು ಅಷ್ಟು ಸರಿಯುವುದಿಲ್ಲ. ಲೆಕ್ಕ ಮಾಡದವನಿಗೆ ಇದು ಸೋಜಿಗವೆಂದೇ ತೋರದು! ಇಂಥ ಸ್ಥೈರ್ಯಕ್ಕೆ ಒಂದು ಬಗೆಯ ಸಮಾಧಾನವನ್ನು 2003ರಲ್ಲಿ ಎಲ್ಡಾರ್, ಬರ್ಕಾಯ್ ಮೊದಲಾದವರು ನೊಣದ ಬೇರೆ ಸಂಕೇತಗಳ ವಿಷಯದಲ್ಲಿ ನೀಡಿದರು: ರಾಸಾಯನಿಕವು ಹೆಚ್ಚಿದಲ್ಲಿ ಅದರ ನಾಶವೂ ತೀವ್ರವಾದರೆ, ಹೆಚ್ಚುವರಿಯೆಲ್ಲ ಮೂಲದ ಬಳಿಯಲ್ಲೇ ಕರಗಿ ದೂರದ ಗಡಿ ಹೆಚ್ಚು ಕದಲದು. ಭಾಮಿನಿ ಷಟ್ಪದಿಯಲ್ಲಿ ಕವಿಯು ಲಘುಗುರುಗಳನ್ನು ಎಷ್ಟು ಬಗೆಯಾಗಿ ಜೋಡಿಸಿದರೂ ಮೂರು ನಾಲ್ಕು ಮಾತ್ರೆಗಳ ಗಣವು ಕೆಡದಿರುವಂತೆ, ಇಲ್ಲಿಯೂ ಏರುಪೇರುಗಳ ನಡುವೆ ರೂಪ ನಿಲ್ಲುತ್ತದೆ.

ಸಮೀಕರಣವೇ ಸರ್ವಸ್ವವೆಂದು ನಾನು ಹೇಳೆನು. ನೊಣದ ದೇಹದ ಪಟ್ಟೆಗಳು ಟ್ಯೂರಿಂಗರ ಕ್ರಮದಿಂದ ಮೂಡುವುದಿಲ್ಲವೆಂದು ಪ್ರಯೋಗವೇ ತಿಳಿಸಿತು. ಆದುದರಿಂದ ಸೂಕ್ಷ್ಮದರ್ಶಕವೂ ಬೇಕು, ಲೆಕ್ಕದ ಹಲಗೆಯೂ ಬೇಕು. ನಮ್ಮ ಗಣಿತದ ಅಧ್ಯಾಪಕರೂ ಜೀವಶಾಸ್ತ್ರದ ಅಧ್ಯಾಪಕರೂ ವಾರಕ್ಕೊಂದು ಪಾಠವನ್ನಾದರೂ ಜೊತೆಗೂಡಿ ಮಾಡಲಿ. ಕಟ್ಟಡಕ್ಕೆ ಕೈಯೆತ್ತಿ ನೀಡುವ ದಾನಿಗಳು ಪ್ರಯೋಗಶಾಲೆಯನ್ನೂ ನೆನೆಯಲಿ. ಅಂಜಿಕೆಯಿಂದ ಆರಿಸಿಕೊಂಡ ವಿದ್ಯೆ ಅರ್ಧವಿದ್ಯೆಯಾಗಿಯೇ ಉಳಿಯುತ್ತದೆ.